ಗಂಜಿ ಕುಡಿದ ಮಾವು

೨೦೨೩ನೇ ಇಸವಿ ನವೆಂಬರ್ ಹತ್ತೊಂಬತ್ತು, ರವಿವಾರ, ಬೆಳಗಿನ ಏಳು ಗಂಟೆ ಇಪ್ಪತ್ತು ನಿಮಿಷ. ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳು ಇನ್ನೂ ಎದ್ದಿರಲಿಲ್ಲ. ಹಾಗಾಗಿ ಹಿತ್ತಲಿನಲ್ಲಿ ಗರಗಸದ ಯಂತ್ರ ಗುರ್ ಎಂದದ್ದು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಧುಮತಿಗೆ ತನ್ನ ಕಿವಿಯೊಳಗೇ ಶುರುವಾದಂತೆ ಕೇಳಿಸಿತು. ಪಕ್ಕದಲ್ಲಿ ಕೂತು ಶೇಂಗಾ ಹಿಂಡಿ ಕುಟ್ಟುತ್ತಿದ್ದ ಅತ್ತೆ ಭಾಗವ್ವ ಕೈ ನಿಲ್ಲಿಸಲಿಲ್ಲ. ಇನ್ನಷ್ಟು ಜೋರಾಗಿ ಕುಟ್ಟಿದಳು.

"ಲಗೂ ಮುಗಸ್ರೆಪಾ," ಹೊರಗಿನಿಂದ ಮಧುಮತಿಯ ಗಂಡ ಸೋಮಲಿಂಗನ ದನಿ ಬಂತು.

"ನೀವ್ ಹೇಳೂದs ಬ್ಯಾಡ್ರಿ ಸಾಹುಕಾರ. ಎರಡಕ್ಕ ಫೈನಲ್ ಮ್ಯಾಚ್ ಐತಿ, ಅಷ್ಟರಾಗ ನಾವೂ ಮನೀ ಮುಟ್ಟಬೇಕು," ಎಂದ ಮರ ಕಡಿಯುವವನು.

ಹನ್ನೊಂದರ ಹೊತ್ತಿಗೆ ಮಾವಿನ ಗಿಡ ನೆಲಕ್ಕೊರಗಿತು. ಹಿತ್ತಲಿಗೆ ಒಮ್ಮೆಲೇ ಬೆಳಕು ಬಂತು. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದು, ಎಂದೂ ಬೀಳದ ಜಾಗದಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ ಬಿತ್ತು. ಭಾಗವ್ವ ಆ ಬಿಸಿಲನ್ನು ನೋಡಿ ಡಬ್ಬಿಯನ್ನು ಒಳಕ್ಕೆ ಸರಿಸಿದಳು.

ಆ ಗಿಡವನ್ನು ಯಾರೂ ನೆಟ್ಟದ್ದಲ್ಲ. ಮನೆಯಲ್ಲಿ ಕೈಮಗ್ಗಗಳಿದ್ದ ಕಾಲದಲ್ಲಿ ಭಾಗವ್ವ ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲಿಗೆ ಗಂಜಿ ಬಳಿದು, ಸಂಜೆಗೆ ಪಾತ್ರೆ ತೊಳೆದ ನೀರನ್ನು ಹಿತ್ತಲಿನ ಆ ಮೂಲೆಗೆ ಚೆಲ್ಲುತ್ತಿದ್ದಳು. ಯಾರೋ ತಿಂದೆಸೆದ ಓಟೆ ಅಲ್ಲೇ ಮೊಳೆತು, ಗಂಜಿನೀರನ್ನೇ ಕುಡಿದು ಬೆಳೆಯಿತು. ಓಣಿಯವರು ಅದಕ್ಕೆ ಗಂಜಿಮಾವು ಎಂದೇ ಹೆಸರಿಟ್ಟಿದ್ದರು. ಹಣ್ಣು ಹುಳಿ, ಬಾಯಿಗೆ ಇಡುವಂತಿರಲಿಲ್ಲ. ಉಪ್ಪಿನಕಾಯಿ ಮಾತ್ರ ಮೂರು ವರ್ಷ ಕೆಡುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಭಾಗವ್ವ ಅದರ ಬುಡದಲ್ಲಿ ಚಾಪೆ ಹಾಸಿ, ಮಗ್ಗಗಳ ಖಟಖಟ ಕೇಳುತ್ತ, ಮೈಮೇಲೆ ಹತ್ತಿಯ ಸಣ್ಣ ಎಳೆಗಳು ತೇಲಿ ಬಂದು ಕೂಡುತ್ತಿದ್ದರೂ ಕೊಡವದೆ, ನಿದ್ದೆ ಹೋಗುತ್ತಿದ್ದಳು.

ಕೈಮಗ್ಗ ಹೋಗಿ ಪಾವರ್‌ಲೂಮ್ ಬಂದು ಬಹಳ ವರ್ಷಗಳಾಗಿದ್ದವು. ಸೋಮಲಿಂಗನ ಮೂರು ಮಗ್ಗಗಳು ಬಾಡಿಗೆಯ ಶೆಡ್ಡಿನಲ್ಲಿದ್ದವು. ಆ ಶೆಡ್ಡನ್ನು ಮಾಲೀಕ ಮಾರಿದ್ದ. ಸಂಕ್ರಾಂತಿಯೊಳಗೆ ಮಗ್ಗ ಎತ್ತಬೇಕಿತ್ತು. ಎತ್ತಿ ಇಡಲು ಮನೆಯ ಹಿತ್ತಲು ಬಿಟ್ಟರೆ ಬೇರೆ ಜಾಗವಿರಲಿಲ್ಲ, ಹಿತ್ತಲಿನ ನಡುವೆ ಗಿಡವಿತ್ತು. ಇದೆಲ್ಲ ಭಾಗವ್ವನಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳು ಕಡಿಯಬೇಡ ಎನ್ನಲಿಲ್ಲ, ಕಡಿ ಎಂದೂ ಅನ್ನಲಿಲ್ಲ.

ಅಂದು ಊಟಕ್ಕೆ ಕೂತಾಗ ಅವಳು ಉಪ್ಪಿನಕಾಯಿಯ ಭರಣಿ ತಂದಳು. ಗಂಡ ಅಂದಾನೆಪ್ಪನ ತಾಟಿಗೆ ಹಾಕಿದಳು, ಪಿಯುಸಿ ಓದುತ್ತಿದ್ದ ಮೊಮ್ಮಗಳು ವೈಶಾಲಿಗೆ ಹಾಕಿದಳು, ಮಧುಮತಿಗೆ ಹಾಕಿದಳು. ಸೋಮಲಿಂಗ ತಾಟನ್ನು ಸ್ವಲ್ಪ ಮುಂದೆ ಸರಿಸಿದ. ಭಾಗವ್ವ ಭರಣಿಯ ಮುಚ್ಚಳ ಹಾಕಿ ಬಟ್ಟೆ ಕಟ್ಟಿದಳು.

"ಯವ್ವಾ, ನನಗ?" ಎಂದ ಸೋಮಲಿಂಗ.

"ವೈಶಾಲಿ, ನಿಮ್ಮಪ್ಪಗ ಹೇಳು. ಗಿಡಾ ಕಡದವ್ರಿಗಿ ಕಾಯಿ ಸಿಗೂದಿಲ್ಲಂತ."

"ಅಪ್ಪಾ, ಗಿಡಾ ಕಡದವ್ರಿಗಿ ಕಾಯಿ ಸಿಗೂದಿಲ್ಲಂತ," ಎಂದಳು ವೈಶಾಲಿ, ಗಂಭೀರವಾಗಿ.

"ಕೇಳಿಸ್ತು."

"ಇನ್ನೊಂದೂ ಹೇಳು," ಎಂದಳು ಭಾಗವ್ವ. "ನೆರಳಂತೂ ಹೋತು. ಆ ದಿಮ್ಮಿ ಕಟಗಿ ಅಡ್ಡಾದವ್ರಿಗಿ ಕೊಟ್ಟು ಕೈ ತೊಳಕೊಳ್ಳೂದು ಬ್ಯಾಡ. ಅದರಾಗ ನನಗೊಂದು ಹಲಗಿ ಬೇಕು. ಒಂದs ಹಲಗಿ, ನಡುವ ಜೋಡಣಿ ಇರಬಾರದು. ಪಡಸಾಲ್ಯಾಗ ಸರಪಳಿ ಹಾಕಿ ತೂಗಬಿಡಬೇಕು. ನಾ ಕಾಲ ಚಾಚಿ ಮಲಗಬೇಕು. ಮಲಗಿದ ಮ್ಯಾಲೆ ಅವನ ಜೋಡಿ ಮಾತು. ಅಲ್ಲೀತನಕಾ ಇಲ್ಲ."

"ಎಷ್ಟ ಉದ್ದ ಬೇಕಂತ ಕೇಳು ನಿಮ್ಮ ಆಯೀಗಿ," ಎಂದ ಸೋಮಲಿಂಗ ಮಗಳಿಗೆ.

"ಆರ ಅಡಿ."

ಅಂದಾನೆಪ್ಪ ನಕ್ಕ. ಮಗ್ಗದ ಸದ್ದಿನಲ್ಲಿ ಅವನ ಕಿವಿ ಅರ್ಧ ಮಂದವಾಗಿತ್ತು, ಬೇಕಾದದ್ದು ಮಾತ್ರ ಕೇಳಿಸುತ್ತಿತ್ತು. "ಆರ ಅಡಿ ಯಾರಿಗಿ? ನಿನಗೊ, ನಿನ್ನ ಸಿಟ್ಟಿಗೊ?"

"ನಾ ಐದಡಿ ಮ್ಯಾಲ ಅದೀನಿ."

"ಇದ್ದಿ. ಆವಾಗ. ಈಗ ಒಗದ ಒಗದ ಕುಗ್ಗಿದ ಸೀರಿ ನಮೂನಿ ಗಿಡ್ಡ ಆಗೀದಿ."

"ಉಣ್ರಿ ಸುಮ್ನ," ಎಂದು ಭಾಗವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಕೊಂಬೆಗಳೆಲ್ಲ ಉರುವಲಾಗಿ ಹೋದವು. ಬುಡದಿಂದ ಕವಲಿನವರೆಗಿನ ದಿಮ್ಮಿ ಉಳಿಯಿತು, ಏಳಡಿ ಉದ್ದದ್ದು. ಕೊಯ್ಯುವ ಮಿಲ್ಲು ಜಮಖಂಡಿಯಲ್ಲಿತ್ತು. ಸೋಮಲಿಂಗ ಹಿಪ್ಪರಗಿಯ ಚಿದಾನಂದನಿಗೆ ಫೋನು ಮಾಡಿದ. ಚಿದಾನಂದನ ಹತ್ತಿರ ಟ್ರ್ಯಾಕ್ಟರ್ ಇತ್ತು.

"ಈಗೇನ್ ಕೇಳ್ತೀ ಮಾರಾಯಾ," ಎಂದ ಚಿದಾನಂದ. "ಸಕ್ಕರಿ ಕಾರ್ಖಾನಿ ಚಾಲೂ ಆಗ್ಯಾವು. ಬಾಡಗಂಡಿಗಿ ಹೊಂಟೇನಿ, ಮುಂದ ಕಬ್ಬಿನ ಗಾಡಿ, ಹಿಂದ ಕಬ್ಬಿನ ಗಾಡಿ. ನಿನ್ನ ಒಂದ ದಿಮ್ಮೀ ಸಲುವಾಗಿ ಟ್ರಾಲಿ ಖಾಲಿ ಮಾಡ್ಲೇನು? ತಡೀ ಸ್ವಲ್ಪ. ಯಾವಾಗರ ಆ ಕಡೆ ಖಾಲಿ ಹೊಂಟೆ ಅಂದ್ರ ಹೇಳ್ತೀನಿ."

ಬೇರೆ ಟ್ರ್ಯಾಕ್ಟರುಗಳೂ ಕಬ್ಬಿಗೇ ಹೋಗಿದ್ದವು. ದಿಮ್ಮಿ ಹಿತ್ತಲಲ್ಲೇ ಕಾಯಬೇಕಾಯಿತು.

ಮಧುಮತಿ ರಬಕವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮುಧೋಳದ ತವರಿನಲ್ಲಿ ಅವಳ ಚಿಕ್ಕಪ್ಪನಿಗೆ ಬಡಿಗತನದ ಹುಚ್ಚಿತ್ತು. ಕಡಿದ ಮರವನ್ನು ಬಿಸಿಲಿಗೆ ಬಿಟ್ಟು ಕೆಡಿಸಿಕೊಂಡವರ ಕಥೆಗಳನ್ನು ಅವಳು ಅಲ್ಲೇ ಕೇಳಿದ್ದಳು. ಮರುದಿನ ಸಾಲೆಯಿಂದ ಬಂದವಳೇ ಗಂಡನನ್ನು ಹಿತ್ತಲಿಗೆ ಕರೆದಳು.

"ನೆಲದ ಮ್ಯಾಲ ಹಿಂಗ ಬಿಡಬಾರದ್ರಿ. ಹುಳಾ ಹತ್ತತಾವು. ಕೆಳಗ ಏನರ ಕೊಟ್ಟು ಎತ್ತಬೇಕು."

ಅಟ್ಟದ ಮೇಲೆ ಹಳೆಯ ಕೈಮಗ್ಗದ ಎರಡು ಮರದ ದಿಂಡುಗಳಿದ್ದವು. ಓಣಿಯ ನಾಲ್ಕು ಜನ ಸೇರಿ ದಿಮ್ಮಿಯನ್ನು ಹಾರೆಯಿಂದ ಮೀಟಿ ಅವುಗಳ ಮೇಲೆ ಉರುಳಿಸಿದರು. ಮೇಲೆ ತಗಡಿನ ನೆರಳು ಮಾಡಿದರು. ಆಮೇಲೆ ಮಧುಮತಿ ದೀಪಾವಳಿಯಲ್ಲಿ ಉಳಿದ ಮೇಣದಬತ್ತಿಗಳನ್ನೂ, ಅಂಗಡಿಯಿಂದ ತಂದ ಇನ್ನಷ್ಟನ್ನೂ ಹಳೆಯ ಪಾತ್ರೆಯಲ್ಲಿ ಕರಗಿಸಿದಳು.

"ಇದ್ಯಾಕ?" ಎಂದ ಅಂದಾನೆಪ್ಪ, ಕಟ್ಟೆಯ ಮೇಲೆ ಕೂತು.

ಅವಳು ಒಂದು ನೂಲಿನ ಲಡಿಯನ್ನು ಕೈಗೆತ್ತಿಕೊಂಡಳು. "ಈ ದಿಮ್ಮಿ ಅಂದ್ರ ಇದs ನೋಡ್ರಿ ಮಾವಾರ. ಒಳಗೆಲ್ಲಾ ಎಳಿ ಇದ್ದಂಗ ಸಣ್ಣ ಸಣ್ಣ ನಳಗಿ. ನೀರು ಮೈಯಿಂದ ಹೋಗೂದು ಕಡಿಮಿ, ಈ ತುದೀಯಿಂದ ಹೋಗೂದು ಭಾಳ. ತುದಿ ಲಗೂ ಒಣಗತೈತಿ. ನಡುವು ಹಸೀನs ಇರತೈತಿ. ಒಣಗಿದ್ದು ಕುಗ್ಗಬೇಕಂತೈತಿ, ಹಸೀದು ಬಿಡವಲ್ದಂತೈತಿ. ಆವಾಗ ಸೀಳತೈತಿ. ಅದಕ್ಕ ತುದಿ ಮುಚ್ಚಬೇಕು."

"ಅಂದ್ರ ನಮ್ಮ ಮನೀ ಇದ್ದಂಗಾತು ಬಿಡು," ಎಂದ ಅಂದಾನೆಪ್ಪ.

ಸೋಮಲಿಂಗ ಬ್ರಶ್ಶು ಹಿಡಿದ. ಎರಡೂ ತುದಿಗಳಿಗೆ ಬಿಸಿ ಮೇಣ ದಪ್ಪವಾಗಿ ಕೂತಿತು. ಅಡುಗೆಮನೆಯ ಕಿಟಕಿಯಲ್ಲಿ ಭಾಗವ್ವನ ಮುಖ ಒಮ್ಮೆ ಕಂಡು ಮರೆಯಾಯಿತು.

ಆಮೇಲಿನ ದಿನಗಳು ಉದ್ದನೆಯ ಒಂದೇ ಮಧ್ಯಾಹ್ನದಂತೆ ಹೋದವು. ಚಳಿಗಾಲದ ಬಿಸಿಲು ಹಾಲಿನಂತೆ ತೆಳ್ಳಗಿತ್ತು. ಹೊರಗಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಒಂದರ ಹಾಡು ಮುಗಿಯುವುದರೊಳಗೆ ಮತ್ತೊಂದರ ಹಾಡು ಅದರೊಳಗೆ ಹೊಕ್ಕುತ್ತಿತ್ತು. ಓಣಿಯ ಮಗ್ಗಗಳಿಂದ ಹಾರಿ ಬಂದ ಹತ್ತಿಯ ಎಳೆಗಳು ದಿಮ್ಮಿಯ ತೊಗಟೆಯ ಮೇಲೆ ಕೂತು, ಮರ ನೆರೆತಂತೆ ಕಾಣುತ್ತಿತ್ತು. ಕತ್ತರಿಸಿದ ಬುಡದಿಂದ ಇನ್ನೂ ಕಾಯಿಯ ಹುಳಿ ವಾಸನೆ ಬರುತ್ತಿತ್ತು. ಮಧುಮತಿಗೆ ಒಮ್ಮೊಮ್ಮೆ, ಚಹಾದ ಕಪ್ಪು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಾಗ, ಗಿಡ ಹೋಗಿಲ್ಲ, ಮಲಗಿದೆ ಅಷ್ಟೆ ಎನ್ನಿಸುತ್ತಿತ್ತು.

ಮನೆಯೊಳಗೆ ಮಾತು ಸುತ್ತು ಹಾಕಿ ಹೋಗುತ್ತಿತ್ತು.

"ವೈಶಾಲಿ, ಆರಿದ ರೊಟ್ಟಿ ತಿನಬ್ಯಾಡಂತ ಹೇಳು, ಹೊಟ್ಟಿ ನೋಯಿಸಿಕೊಂಡಾನು."

"ಆಯಿ, ಅಪ್ಪ ನಿನ್ನ ಮುಂದs ಕುಂತಾನ."

"ಕುಂತಾನಂತ ನನಗೇನ್ ಕಾಣಸ್ತೈತಿ? ನನಗ ಕಣ್ಣಾಗ ಪರದಿ ಬಂದೈತಿ."

"ಪರದಿ ಬಂದ್ರ ಡಾಕ್ಟರ್‌ಗೆ ತೋರಸ್ಲೇನಂತ ಕೇಳು," ಎಂದ ಸೋಮಲಿಂಗ.

"ತಮ್ಮ ಕೆಲಸಾ ತಾವ್ ನೋಡ್ಕೊಳ್ರಿ ಅಂತ ಹೇಳು."

ವೈಶಾಲಿ ಎದ್ದು ಕೈ ತೊಳೆದಳು. "ನನಗ ಪರೀಕ್ಷಾ ಐತಿ. ನೀವಿಬ್ಬರೂ ಅಜ್ಜನ ಮುಂದ ಹೇಳ್ರಿ."

ಅಂದಾನೆಪ್ಪನ ಮುಂದೆ ಹೇಳಿದರೆ ಇನ್ನೂ ಕಷ್ಟವಿತ್ತು. ಭಾಗವ್ವ 'ಎಣ್ಣಿ ತರಾಕ ಹೇಳ್ರಿ' ಎಂದದ್ದು ಅವನ ಕಿವಿಯಲ್ಲಿ ಹೆಣ್ಣಾಗಿ, "ವೈಶಾಲಿಗಿ ಗಂಡ ನೋಡಾಕ ಹೇಳ್ತಾಳೊ," ಎಂದು ಮಗನಿಗೆ ಮುಟ್ಟಿಸಿದ. ಅದಕ್ಕೆ ಮನೆಯಲ್ಲಿ ಒಂದು ದಿನವಿಡೀ ಜಗಳವಾಯಿತು. ಎಣ್ಣೆ ಬರಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ ಮುಂಜಾನೆಯ ಸಾಲೆ. ಮಧುಮತಿ ಹನ್ನೆರಡಕ್ಕೇ ಮನೆಗೆ ಬಂದಳು. ಮುಂಬಾಗಿಲು ತೆರೆದಿತ್ತು, ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಿಂದ ಸಣ್ಣ ದನಿ ಕೇಳಿಸಿತು. ಮಗುವಿಗೆ ಉಣಿಸುವಾಗ ಬರುವ ದನಿ.

"...ಮೇಣಾ ತಿನ್ಸ್ಯಾರ ನಿನಗ. ಮೇಣಾ ಯಾರರ ಉಣ್ಣತಾರೇನು? ಬಾಯಿ ಮುಚ್ಚಿದ್ರ ಉಸರು ಎಲ್ಲೀದು ಬರಬೇಕು ಪಾಪ. ತಗೋ. ನಿನ್ನ ಬಾಯೀ ರುಚಿ ನನಗ ಗೊತ್ತೈತಿ..."

ಭಾಗವ್ವ ದಿಮ್ಮಿಯ ಬುಡದ ತುದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಒಂದು ತಂಬಿಗೆ, ಕೈಯಲ್ಲಿ ಕೈಮಗ್ಗದ ಕಾಲದ, ಹಾಸಿನ ನೂಲಿಗೆ ಗಂಜಿ ಬಳಿಯುವ ಕುಂಚ. ತಂಬಿಗೆಯಲ್ಲಿ ಗಂಜಿ. ನೂಲಿಗೆ ಬಳಿದಂತೆಯೇ ಒಂದೇ ದಿಕ್ಕಿಗೆ, ಕೈ ಎತ್ತದೆ ಬಳಿಯುತ್ತಿದ್ದಳು. ಕೆರೆದು ತೆಗೆದ ಮೇಣವೆಲ್ಲ ಒಂದು ಬಟ್ಟಲಲ್ಲಿ ಕೂಡಿಟ್ಟಿತ್ತು, ದೀಪಕ್ಕೆ ಬರುತ್ತದೆಂದು. ಆ ತುದಿಯ ಮರ ಬೂದಿನೀಲಿಯಾಗಿತ್ತು. ನಟ್ಟನಡುವಿನಿಂದ ಕೂದಲೆಳೆಯಂಥ ಬಿರುಕುಗಳು ನಾಲ್ಕೂ ಕಡೆಗೆ ಹೊರಟಿದ್ದವು. ಒಂದು ಬಿರುಕಿನಲ್ಲಿ ಉಗುರು ಹೋಗುವಷ್ಟು ಬಾಯಿತ್ತು.

ಮಧುಮತಿಯ ಚೀಲ ಹೆಗಲಿನಿಂದ ಜಾರಿತು. ಭಾಗವ್ವ ತಿರುಗಿ ನೋಡಿದಳು.

"ಬಂದಿ? ಲಗೂನ ಬಂದಿ."

"ಎಷ್ಟ ದಿನಾ ಆತ್ರಿ ಅತ್ತಿ ಇದು?"

"ಏನು?"

"ಮೇಣಾ ತಗದು."

"ಹತ್ತ ದಿನಾ ಆಗಿರಬೇಕು. ಯಾಕ? ಗಂಜಿ ಕುಡದs ಬೆಳದದ್ದು ಇದು. ನೂಲಿಗಿ ಬಲಾ ಬರೂದು ಗಂಜೀಯಿಂದ. ಕಟಗಿ ಏನ್ ಬ್ಯಾರೆ ಐತೇನು? ಅದೂ ಎಳೀನs ಅಂತ ನೀನs ಹೇಳಿದಿ, ಲಡಿ ಹಿಡದು."

ಮಧುಮತಿ ನೆಲದ ಮೇಲೆ ಕೂತುಬಿಟ್ಟಳು. ಅವಳು ಹೇಳಿದ್ದೇ ಅದು. "ಗಂಜಿ ನೀರು ಹಿಡ್ಯೂದಿಲ್ರಿ ಅತ್ತಿ. ನೀರೆಲ್ಲಾ ಈ ತುದೀಲಿಂದ ಹೋಗೈತಿ. ಮತ್ತ ಗಂಜೀ ಮ್ಯಾಲ ಬೂಷ್ಟ ಬರತೈತಿ, ಹಳೇ ಅನ್ನದ ಮ್ಯಾಲ ಬಂದಂಗ. ಇದು ನೋಡ್ರಿ ನೀಲಿ. ಇವು ನೋಡ್ರಿ."

ಭಾಗವ್ವ ಬಿರುಕಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಹಲಗಿ ಬರೂದಿಲ್ಲೇನು?"

"ಎಷ್ಟ ಒಳಗ ಹೋಗೈತೋ ಕೊಯ್ದ ಮ್ಯಾಲೆ ಗೊತ್ತಾಗೂದು."

"ಅವಗ ಹೇಳಬ್ಯಾಡ," ಎಂದಳು ಭಾಗವ್ವ. ಸೊಸೆಯ ಮುಂದೆ ಅವಳು ಬೇಡಿಕೊಂಡದ್ದು ಅದೇ ಮೊದಲು. ಮಧುಮತಿ ತಲೆಯಾಡಿಸಿದಳು. ಗಂಜಿ ತೊಳೆದು, ಒರೆಸಿ, ಬಟ್ಟಲಿನ ಮೇಣವನ್ನೇ ಕರಗಿಸಿ ಮತ್ತೆ ಬಳಿದಳು. ಭಾಗವ್ವ ಪಾತ್ರೆ ಹಿಡಿದು ನಿಂತಳು. ಇನ್ನೊಂದು ತುದಿಯ ಮೇಣ ಹಾಗೇ ಇತ್ತು. ಅಲ್ಲಿಗೆ ಅವಳ ಕುಂಚ ಇನ್ನೂ ಹೋಗಿರಲಿಲ್ಲ.

ಹೇಳದಿದ್ದರೂ ಬಿರುಕು ಮುಚ್ಚಲಿಲ್ಲ. ಎರಡು ದಿನಗಳ ಮೇಲೆ ಸೋಮಲಿಂಗನ ಕಣ್ಣಿಗೆ ಬಿತ್ತು. ರಾತ್ರಿ ಊಟಕ್ಕೆ ಕೂತವನು ರೊಟ್ಟಿ ಮುರಿಯಲೇ ಇಲ್ಲ.

"ನೋಡ್ದೇನು, ನಿನ್ನ ಮೇಣದ ಹಣೇಬರಾ?" ಎಂದ ಹೆಂಡತಿಗೆ. "ಬಿಎಸ್ಸಿ ಓದೀನಿ ಅಂತ ಓಣಿ ತುಂಬ ಹೇಳಿದಿ. ನಳಗಿ ಅಂತ, ಎಳಿ ಅಂತ. ಸೀಳೇತಲ್ಲ ದಿಮ್ಮಿ! ನಮ್ಮವ್ವ ಇನ್ ಈ ಜನ್ಮದಾಗ ನನ್ನ ಜೋಡಿ ಮಾತಾಡೂದಿಲ್ಲ."

ಮಧುಮತಿ ಪಲ್ಲೆ ಬಡಿಸಿದಳು. "ಉಣ್ರಿ. ಆರತೈತಿ."

"ಏನ್ ಉಣ್ಣೂದು? ಸಗಣಿ ಬಳದಿದ್ರೂ ಇದಕಿಂತ ಛಲೋ ಇರತಿತ್ತು. ಈಗ ಹೇಳು, ಯಾಕ ಸೀಳ್ತಂತ. ಮೇಡಂ ಅದೀ ಅಲ್ಲ."

ಮಧುಮತಿ ಒಲೆಯ ಕಡೆಗೆ ತಿರುಗಿದಳು. ವೈಶಾಲಿ ತಾಟು ನೋಡುತ್ತ ಕೂತಳು. ಗೋಡೆಯ ಕಡೆಯಿಂದ ಭಾಗವ್ವನ ದನಿ ಬಂತು.

"ಅಕೀಗಿ ಅನಬ್ಯಾಡಂತ ಹೇಳ್ರಿ ಅವಗ."

ಅಂದಾನೆಪ್ಪನಿಗೆ ಅಂದು ಸರಿಯಾಗಿ ಕೇಳಿಸಿತು. "ಯಾಕ?"

"ಮೇಣಾ ಕೆರದಾಕಿ ನಾನು. ಗಂಜಿ ಬಳದಾಕಿ ನಾನು. ಸೀಳಿಸಿದಾಕಿ ನಾನು. ಹೇಳ್ರಿ ಅವಗ."

ಸೋಮಲಿಂಗ ತಾಯಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

"ಗಂಜಿ ಎಲ್ಲಿಂದ ಬಂತು? ಮನ್ಯಾಗ ಗಂಜಿ ಕಾಸೂದು ಬಿಟ್ಟು ಮೂವತ್ತ ವರ್ಷ ಆತು," ಎಂದ.

"ನೂಲಿಗಿ ಗಂಜಿ ಹಾಕ್ತಾರಲ್ಲ, ಆ ಸೈಜಿಂಗಿನಿಂದ ನಾ ತಂದೆ," ಎಂದ ಅಂದಾನೆಪ್ಪ. "ದಿನಾ ಒಂದ ತಂಬಿಗಿ. ಕೇಳಿದ್ಲು, ತಂದೆ. ಕುಡ್ಯಾಕ ಬೇಕಾಗಿರಬೇಕು ಅನಕೊಂಡೆ."

ಮೊದಲು ವೈಶಾಲಿ ನಕ್ಕಳು. ಸೋಮಲಿಂಗ ನಗಬಾರದೆಂದು ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿದು ನುಂಗಿ, ಹೆಂಡತಿಗೆ, "ಗೊತ್ತಿತ್ತೇನು ನಿನಗ?" ಎಂದ.

"ಗೊತ್ತಿತ್ರಿ."

"ಮತ್ತ ಬೈಸಿಕೊಂಡಿ?"

"ಪಲ್ಯಾ ಹಾಕ್ಲೇನು?"

"ಹಾಕು," ಎಂದ ಸಣ್ಣ ದನಿಯಲ್ಲಿ. ಆಮೇಲೆ ತಾಟು ನೋಡುತ್ತಲೇ, "ಗಿಡಾ ಕಡದಾವ ನಾನು. ಒಂದ ತುದಿ ಸೀಳೂದು ಏನ್ ದೊಡ್ಡದಲ್ಲ ಅಂತ ಹೇಳ್ರೀ ಅಪ್ಪಾರ, ಅವ್ವಗ," ಎಂದ.

ಉಪ್ಪಿನಕಾಯಿ ಅಂದೂ ಅವನ ತಾಟಿಗೆ ಬರಲಿಲ್ಲ. ಆದರೆ ಭರಣಿ ಅವನ ಕೈಗೆಟಕುವ ಜಾಗದಲ್ಲಿ, ಬಟ್ಟೆ ಕಟ್ಟದೆ, ಹಾಗೇ ಇತ್ತು. ಅವನು ಮುಟ್ಟಲಿಲ್ಲ.

ಮುಂದಿನ ವಾರ ಚಿದಾನಂದನ ಟ್ರಾಲಿ ಖಾಲಿಯಾಗಿ ಆ ದಾರಿಗೆ ಬಂತು. ಇಳಿಜಾರಿಗೆ ಹಲಗೆ ಕೊಟ್ಟು, ಹಗ್ಗ ಹಾಕಿ, ಓಣಿಯವರೆಲ್ಲ ಕೂಗುತ್ತ ದಿಮ್ಮಿಯನ್ನು ಏರಿಸಿದರು. ಭಾಗವ್ವ ಹೊಸ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಂತ ಹೇಳು."

ಮಧುಮತಿಯ ಸ್ಕೂಟಿಯ ಹಿಂದೆ ವೈಶಾಲಿ ಕೂತಾಗಿತ್ತು. ಉಳಿದದ್ದು ಸೋಮಲಿಂಗನ ಬೈಕು. ಭಾಗವ್ವ ಅದನ್ನೊಮ್ಮೆ ನೋಡಿ, ಹತ್ತಿ ಮಗನ ಹೆಗಲು ಹಿಡಿದಳು. ಜಮಖಂಡಿಯವರೆಗೂ ಹಿಡಿದೇ ಇದ್ದಳು, ಒಂದೂ ಮಾತಾಡಲಿಲ್ಲ. ದಾರಿಯ ಎರಡೂ ಕಡೆ ಕಬ್ಬು ಹೂ ಬಿಟ್ಟು ನಿಂತಿತ್ತು. ಗಾಳಿಗೆ ಅದರ ಬೆಳ್ಳಿಬಣ್ಣ ಒಂದು ಹೊಲದಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿತ್ತು. ಮುಂದೆ ಟ್ರಾಲಿಯಲ್ಲಿ ದಿಮ್ಮಿ ಸಣ್ಣಗೆ ಅಲುಗುತ್ತಿತ್ತು. ಹಿಂದೆ ಬರುತ್ತಿದ್ದ ಮಧುಮತಿಗೆ ಮೂವರೂ ಒಂದೇ ನಿದ್ದೆಯಲ್ಲಿ ಹೋಗುತ್ತಿರುವಂತೆ ಕಂಡಿತು, ಮರ, ಮಗ, ತಾಯಿ.

ಮಿಲ್ಲಿನಲ್ಲಿ ಮೊದಲು ತುದಿ ಕತ್ತರಿಸಿದರು. ಬುಡದ ಕಡೆ ಒಂದು ತುಂಡು ತೆಗೆದರೂ ಬಿರುಕು ಕಾಣಿಸಿತು. ಇನ್ನೊಂದು ತೆಗೆದರು. ಬಿರುಕು ಇನ್ನೂ ಇತ್ತು. ಭಾಗವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಮೂರನೆಯ ತುಂಡು ಬಿದ್ದಾಗ ಕೊಯ್ಯುವವನು ಕೈಯಿಂದ ಪುಡಿ ಸವರಿ, "ಸ್ವಚ್ಛ ಐತ್ರಿ," ಎಂದ. ಮೇಣವಿದ್ದ ಕಡೆಯಿಂದ ಹೋದದ್ದು ತುಸುವೇ.

ಆಮೇಲೆ ಉದ್ದಕ್ಕೆ ಕೊಯ್ದರು. ನಡುವಿನ ಹಲಗೆ ಮಗುಚಿ ಬಿದ್ದಾಗ ಎಲ್ಲರೂ ಬಗ್ಗಿ ನೋಡಿದರು. ತಿಳಿ ಹಳದಿ ಮರದೊಳಗೆ ಒಂದು ತುದಿಯಿಂದ ಸಣ್ಣ ನೀಲಿ ಗೆರೆಗಳು ಒಂದರ ಪಕ್ಕ ಒಂದು ಓಡಿದ್ದವು, ಎಲ್ಲೂ ಕೂಡದೆ, ಎಲ್ಲೂ ತುಂಡಾಗದೆ.

"ಬೂಷ್ಟ ಹತ್ತಿದ್ದರೀ ಇದು," ಎಂದ ಕೊಯ್ಯುವವನು. "ಗಟ್ಟಿಗೇನೂ ಆಗೂದಿಲ್ಲ. ಬಣ್ಣಾ ಅಷ್ಟs. ಪಾಲಿಶ್ ಹೊಡದ್ರ ಮುಚ್ಚತೈತಿ."

"ಮುಚ್ಚಬ್ಯಾಡ್ರಿ," ಎಂದಳು ಭಾಗವ್ವ. ಬಗ್ಗಿ ಗೆರೆಗಳ ಮೇಲೆ ಅಂಗೈ ಆಡಿಸಿದಳು. "ಮಗ್ಗಕ್ಕ ಹಾಸು ಹೂಡಿದಂಗ ಐತಿ." ಆಮೇಲೆ ಹಲಗೆಯ ಉದ್ದವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಯಾರಿಗೂ ಅಲ್ಲದಂತೆ, "ಗಿಡ್ಡ ಆತು," ಎಂದಳು.

ಆರಡಿ ಇರಲಿಲ್ಲ, ಐದಡಿಯೂ ಇರಲಿಲ್ಲ. ಸೋಮಲಿಂಗ ಟೇಪು ಹಿಡಿದು ಎರಡು ಸಲ ಅಳೆದ. ಅಂಕಿ ಬದಲಾಗಲಿಲ್ಲ. ಬೇರೆ ಮರದ ತುಂಡು ಸೇರಿಸೋಣವೇ ಎಂದು ಬಡಿಗ ಕೇಳಿದ. ಸೋಮಲಿಂಗ ಬೇಡವೆಂದ. ಜೋಡಣೆ ಇರಬಾರದೆಂಬುದು ಅವಳ ಮಾತು.

ಹಲಗೆ ಪಡಸಾಲೆಯ ಗೋಡೆಗುಂಟ ಸಣ್ಣ ಕಡ್ಡಿಗಳ ಮೇಲೆ, ಮೇಲೆ ಭಾರ ಹೇರಿಕೊಂಡು, ಒಣಗುತ್ತ ಮಲಗಿತು. ಸಂಕ್ರಾಂತಿಗೆ ಮಗ್ಗಗಳು ಹಿತ್ತಲಿಗೆ ಬಂದವು. ಗಿಡವಿದ್ದ ಜಾಗದಲ್ಲಿ ಖಟಖಟ ಶುರುವಾಯಿತು. ವೈಶಾಲಿಯ ಪರೀಕ್ಷೆ ಮುಗಿಯಿತು. ಭರಣಿಯ ಉಪ್ಪಿನಕಾಯಿ ಬುಡ ಕಂಡಿತು. ಮಾತು ಇನ್ನೂ ಸುತ್ತು ಹಾಕಿಯೇ ಹೋಗುತ್ತಿತ್ತು, ಆದರೆ ಸುತ್ತು ಸಣ್ಣದಾಗುತ್ತ ಬಂದಿತ್ತು. ಕೆಲವೊಮ್ಮೆ 'ಹೇಳು' ಎಂಬ ಪದವನ್ನು ಭಾಗವ್ವ ಮರೆತೇ ಬಿಡುತ್ತಿದ್ದಳು, ಆಮೇಲೆ ನೆನಪಾಗಿ ಸೇರಿಸುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಬಡಿಗ ಹಲಗೆಯನ್ನು ಉಜ್ಜಿ, ಎಣ್ಣೆ ಕುಡಿಸಿ, ಸರಪಳಿ ಹಾಕಿದ. ಮನೆಯವರೆಲ್ಲ ಸುತ್ತ ನಿಂತರು.

"ಕುಂಡ್ರು ಆಯಿ," ಎಂದಳು ವೈಶಾಲಿ.

"ಕುಂಡ್ರಾಕಲ್ಲ, ಮಲಗಾಕ ಕೇಳೀನಿ ನಾ."

"ಕಾಲ ಹೊರಗ ಬಂದ್ರ ಜಗಳಾ ಮಾಡಬ್ಯಾಡ ಮತ್ತ," ಎಂದ ಅಂದಾನೆಪ್ಪ.

ಭಾಗವ್ವ ಹಲಗೆಯ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡಳು, ಮೆಲ್ಲಗೆ ಒರಗಿ ಕಾಲು ಚಾಚಿದಳು. ಹಿತ್ತಲಿನ ಮಗ್ಗಗಳಿಂದ ಒಂದು ಹತ್ತಿಯ ಎಳೆ ತೇಲುತ್ತ ಬಂದು ಅವಳ ತೋಳಿನ ಮೇಲೆ ಕೂತಿತು. ಅವಳು ಕೊಡವಲಿಲ್ಲ. ಹಿಮ್ಮಡಿ ಹಲಗೆಯ ಅಂಚಿನೊಳಗೇ ನಿಂತಿತ್ತು. ತಲೆ ಇನ್ನೊಂದು ಅಂಚಿನೊಳಗೆ. ಅವಳು ಕಣ್ಣು ಮುಚ್ಚಿದಳು. ಬಹಳ ಹೊತ್ತಾದ ಮೇಲೆ, ಕಣ್ಣು ತೆರೆಯದೆ, ಅಂದಳು:

"ಸೋಮ್ಯಾ. ನಿಂತು ಏನ್ ನೋಡ್ತೀಯೊ? ತೂಗು."

ಸೋಮಲಿಂಗ ಸರಪಳಿಗೆ ಕೈ ಹಚ್ಚಿದ.

ಮಧುಮತಿ ಮೇಜಿನ ಮೇಲಿದ್ದ ಟೇಪು ತಂದಳು. ಹಲಗೆ ನಿಲ್ಲುವುದನ್ನು ಕಾದು, ಅತ್ತೆಯ ನಿದ್ದೆ ಕೆಡದಂತೆ ಅಳೆದಳು. ಹಲಗೆ ನಾಲ್ಕು ಅಡಿ ಹನ್ನೊಂದು ಅಂಗುಲ, ಭಾಗವ್ವ ನಾಲ್ಕು ಅಡಿ ಹತ್ತು.